"ಚೆನ್ನಾಗಿತ್ತು, ಆದ್ರೆ..." – ಗುಂಗು ಹಿಡಿಸೋ ಪತ್ತೇದಾರಿ ಕಾದಂಬರಿ ಮುಗಿಸಿದಾಗ ಮನಸ್ಸು ಯಾಕೆ ಎರಡಾಗುತ್ತೆ

ಮೊನ್ನೆ ರಾತ್ರಿ ಒಂದು ಕಾದಂಬರಿ ಮುಗಿಸಿದೆ. ಹೆಸರು ಹೇಳಲ್ಲ, ಯಾಕಂದ್ರೆ ಇಲ್ಲಿ ಬರೀತಿರೋದು ಆ ಒಂದು ಪುಸ್ತಕದ ವಿಮರ್ಶೆ ಅಲ್ಲ, ಆ ಥರದ ಪುಸ್ತಕಗಳು ಓದೋರಿಗೆ ಏನು ಮಾಡ್ತವೆ ಅನ್ನೋದರ ಬಗ್ಗೆ. ಒಂದು ದೊಡ್ಡ ಹಳೇ ಮನೆ, ಅದರಲ್ಲೊಬ್ಬ ಮುದುಕ, ಅವನ ಮೊಮ್ಮಗಳು, ಇಪ್ಪತ್ತು ವರ್ಷದ ಹಿಂದೆ ಅದೇ ಮನೆಯಿಂದ ಕಾಣೆಯಾದ ಒಬ್ಬ ಹೆಂಗಸು. ಮೊದಲ ಇನ್ನೂರೈವತ್ತು ಪುಟ ನಾನು ಆ ಮನೆಯೊಳಗೇ ಇದ್ದೆ, ಮೆಟ್ಟಿಲು ಕಿರ್ರನ್ನೋದು ಕೇಳಿಸ್ತಿತ್ತು, ಗೋಡೆಯ ತೇವ ಕೈಗೆ ತಾಗ್ತಿತ್ತು, ಬೇಗ ಮುಗಿದು ಹೋಗ್ಬಾರ್ದು ಅಂತ ಬೇಕಂತಲೇ ನಿಧಾನಕ್ಕೆ ಓದ್ತಿದ್ದೆ. ಆಮೇಲೆ ಕೊನೇಲಿ ಒಂದು ಪತ್ರ ಸಿಗುತ್ತೆ, ಹನ್ನೊಂದು ಪುಟದ ಪತ್ರ, ಯಾರು ಯಾಕೆ ಹೇಗೆ ಅಂತ ಎಲ್ಲಾ ಅದರಲ್ಲಿ ಬರೆದಿಟ್ಟಿದೆ. ಓದಿದೆ. ಎಲ್ಲಾ ಪ್ರಶ್ನೆಗೂ ಉತ್ತರ ಸಿಕ್ತು, ಆದ್ರೆ ಆ ಮನೆ ಮಾತ್ರ ಕೈಬಿಟ್ಟು ಹೋಯ್ತು.

ಯಾರಾದ್ರೂ ಹೇಗಿದೆ ಅಂತ ಕೇಳಿದ್ರೆ "ಚೆನ್ನಾಗಿದೆ, ಆದ್ರೆ..." ಅಂತ ಹೇಳಿ ನಿಲ್ಲಿಸಿಬಿಡ್ತೀವಲ್ಲ, ಆ 'ಆದ್ರೆ' ಒಳಗೆ ಏನಿದೆ ಅಂತ ಬಿಡಿಸಿ ನೋಡೋಣ. ಇದನ್ನ ಬರೀ ರುಚಿಯ ವಿಷಯ ಅಂತ ತಳ್ಳಿ ಹಾಕೋಕೆ ನನಗೆ ಇಷ್ಟ ಇಲ್ಲ. ಇಂಥ ಕಾದಂಬರಿ ಕಟ್ಟೋ ರೀತಿಯಲ್ಲೇ ಒಂದು ಎಳೆದಾಟ ಇದೆ, ಅದು ಗೊತ್ತಾದ್ರೆ ನಮಗೆ ಎಲ್ಲಿ ನಿರಾಸೆ ಆಯ್ತು, ಅದರಲ್ಲಿ ಪುಸ್ತಕದ ತಪ್ಪೆಷ್ಟು, ನಾವು ಬೇರೇನೋ ನಿರೀಕ್ಷೆ ಮಾಡಿದ್ದೆಷ್ಟು ಅಂತ ಹೇಳೋಕಾಗುತ್ತೆ. ಮುಂದೆ ಕೆಲವು ಪುಸ್ತಕಗಳ ಕೊನೆ ಹೇಳಬೇಕಾಗುತ್ತೆ, ಸ್ಪಾಯ್ಲರ್ ಬೇಡ ಅನ್ನೋರು ಈಗಲೇ ನೋಡ್ಕೊಳ್ಳಿ.

ಮೊದಲು ಈ ಜಾತಿಯ ಪುಸ್ತಕ ಎಲ್ಲಿಂದ ಬಂತು ಅಂತ. ಇದಕ್ಕೆ ಇಬ್ಬರು ಅಜ್ಜಂದಿರು. ಒಬ್ಬ 1764ರಲ್ಲಿ ಹೊರೇಸ್ ವಾಲ್‌ಪೋಲ್ ಬರೆದ ಕೋಟೆಯ ಕಥೆ, ಗಾಥಿಕ್ ಅನ್ನೋ ಪ್ರಕಾರ ಅಲ್ಲಿಂದ ಶುರು ಅಂತಾರೆ, ಅಲ್ಲಿ ಕಟ್ಟಡವೇ ಭಯ ಹುಟ್ಟಿಸೋದು, ಸುರಂಗ, ಹಳೇ ಪಾಪ, ಅದೆಲ್ಲಾ. ಇನ್ನೊಬ್ಬ 1841ರಲ್ಲಿ ಎಡ್ಗರ್ ಅಲನ್ ಪೋ ತಂದ ಡ್ಯೂಪಾನ್, ಪ್ಯಾರಿಸ್‌ನಲ್ಲಿ ಕೂತು ಬುದ್ಧಿಯಿಂದಲೇ ಒಂದು ಕೊಲೆಯ ಗಂಟು ಬಿಚ್ಚೋನು. ಮೊದಲನೇ ಅಜ್ಜನ ಕಡೆಯಿಂದ ಬಂದಿದ್ದು ಕತ್ತಲೆ, ಎರಡನೇ ಅಜ್ಜನ ಕಡೆಯಿಂದ ಬಂದಿದ್ದು ದೀಪ. ಮೊಮ್ಮಗನಿಗೆ ಎರಡೂ ಬೇಕು, ತೊಂದರೆ ಏನಂದ್ರೆ ದೀಪ ಹಚ್ಚಿದ ಕ್ಷಣ ಕತ್ತಲೆ ಇರಲ್ಲ.

ದೀಪದ ಕಡೆಯೋರು ಕಾಲಕ್ರಮೇಣ ಬಹಳ ಶಿಸ್ತಾದ್ರು. 1929ರಲ್ಲಿ ರೊನಾಲ್ಡ್ ನಾಕ್ಸ್ ಅಂತ ಒಬ್ಬ ಇಂಗ್ಲಿಷ್ ಪಾದ್ರಿ, ಪತ್ತೇದಾರಿ ಕಥೆಗಾರನೂ ಹೌದು, ಹತ್ತು ನಿಯಮ ಬರೆದಿಟ್ಟ. ಅಪರಾಧಿ ಕಥೆಯ ಆರಂಭದಲ್ಲೇ ಕಾಣಿಸ್ಕೋಬೇಕು, ದೆವ್ವ ಭೂತ ತಂದು ಗಂಟು ಬಿಚ್ಚಬಾರದು, ಗುಪ್ತ ದಾರಿ ಒಂದಕ್ಕಿಂತ ಜಾಸ್ತಿ ಬೇಡ, ಪತ್ತೇದಾರನೇ ಕೊಲೆಗಾರ ಆಗಬಾರದು, ಅವನಿಗೆ ಸಿಕ್ಕ ಸುಳಿವು ಓದುಗರಿಗೂ ಸಿಗಬೇಕು, ಹೀಗೆ. ಮರುವರ್ಷ 1930ರಲ್ಲಿ ಬ್ರಿಟನ್ನಿನ ಪತ್ತೇದಾರಿ ಲೇಖಕರು ಸೇರಿ ಡಿಟೆಕ್ಷನ್ ಕ್ಲಬ್ ಕಟ್ಕೊಂಡ್ರು, ಅದಕ್ಕೆ ಸೇರೋರು ಓದುಗರಿಗೆ ಮೋಸ ಮಾಡಲ್ಲ ಅನ್ನೋ ಥರ ಪ್ರಮಾಣ ಮಾಡಬೇಕಿತ್ತು. ಇದನ್ನೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ನಾವು ಈ ನಿಯಮಗಳ ಹೆಸರೂ ಕೇಳಿರಲ್ಲ, ಆದ್ರೂ ಒಂದು ಹೆಣ ಕಂಡ ತಕ್ಷಣ ನಮ್ಮ ತಲೆ ತಾನಾಗೇ ಆ ಒಪ್ಪಂದಕ್ಕೆ ಸಹಿ ಹಾಕಿಬಿಡುತ್ತೆ. ಮೊದಲ ಪುಟದಲ್ಲಿ ಒಂದು ಸಾವು ಇಟ್ಟ ಲೇಖಕ ಕೊನೇ ಪುಟದೊಳಗೆ ಅದರ ಲೆಕ್ಕ ಒಪ್ಪಿಸ್ತಾನೆ ಅಂತ ನಂಬಿ ಕೂರ್ತೀವಿ.

ಕತ್ತಲೆ ಕಡೆಯ ಒಪ್ಪಂದ ಬೇರೆ. ಅದರಲ್ಲಿ ಲೇಖಕ ಹೇಳೋದು, ಬಾ, ಈ ಜಾಗದಲ್ಲಿ ಸ್ವಲ್ಪ ದಿನ ಇರು, ಇಲ್ಲಿನ ಗಾಳಿ ಕುಡಿ, ಏನಾಯ್ತು ಅನ್ನೋದಕ್ಕಿಂತ ಇಲ್ಲಿ ಬದುಕೋದು ಹೇಗಿರುತ್ತೆ ಅಂತ ತೋರಿಸ್ತೀನಿ. ಲಿಟರರಿ ಮಿಸ್ಟರಿ ಅಂತ ನಾವು ಕರೆಯೋದು ಈ ಎರಡೂ ಒಪ್ಪಂದಕ್ಕೆ ಒಂದೇ ಸಲ ಸಹಿ ಹಾಕಿಸ್ಕೊಳ್ಳೋ ಪುಸ್ತಕವನ್ನ.

ತ್ಸ್ವೆತಾನ್ ತೊದೊರೊವ್ ಅಂತ ಒಬ್ಬ ವಿದ್ವಾಂಸ, ಹುಟ್ಟಿದ್ದು ಬಲ್ಗೇರಿಯಾ, ಬರೆದಿದ್ದು ಪ್ಯಾರಿಸ್‌ನಲ್ಲಿ, 1966ರ ಒಂದು ಪ್ರಬಂಧದಲ್ಲಿ ಇದನ್ನ ಬಹಳ ಚೆನ್ನಾಗಿ ಬಿಡಿಸಿಟ್ಟಿದಾರೆ. ಪತ್ತೇದಾರಿ ಕಾದಂಬರಿಯಲ್ಲಿ ಒಂದಲ್ಲ, ಎರಡು ಕಥೆ ಇರುತ್ತೆ. ಒಂದು ಅಪರಾಧದ ಕಥೆ, ಅದು ಪುಸ್ತಕ ಶುರುವಾಗೋ ಹೊತ್ತಿಗೇ ಮುಗಿದು ಹೋಗಿರುತ್ತೆ, ನಮ್ಮ ಕಣ್ಣಿಗೆ ಕಾಣಲ್ಲ, ಆದ್ರೆ ನಿಜವಾಗಿ ನಡೆದಿದ್ದು ಅದೇ. ಇನ್ನೊಂದು ತನಿಖೆಯ ಕಥೆ, ನಮ್ಮ ಕಣ್ಣೆದುರು ನಡೆಯೋದು ಅದು, ಆದ್ರೆ ಅದಕ್ಕೆ ಸ್ವಂತ ಬೆಲೆ ಇಲ್ಲ, ಮೊದಲನೇ ಕಥೆ ಕಾಣೋಕೆ ಒಂದು ಗಾಜು ಇದ್ದಂಗೆ ಅಷ್ಟೇ. ಹಳೇ ಕಾಲದ ಪತ್ತೇದಾರಿ ಪುಸ್ತಕದಲ್ಲಿ ಪತ್ತೇದಾರನಿಗೆ ಏನೂ ಆಗಲ್ಲ ನೋಡಿ, ಬರ್ತಾನೆ, ವಿಚಾರಿಸ್ತಾನೆ, ಹೇಳ್ತಾನೆ, ಹೋಗ್ತಾನೆ.

ಲಿಟರರಿ ಮಿಸ್ಟರಿ ಮಾಡೋ ದಂಗೆ ಅಂದ್ರೆ ಆ ಗಾಜಿಗೆ ಬಣ್ಣ ಹಚ್ಚೋದು. ತನಿಖೆ ಮಾಡೋಳಿಗೂ ಗಾಯ ಇದೆ, ಅವಳ ಮದುವೆ ಮುರಿದಿದೆ, ಅವಳೂ ಇದೇ ಊರಲ್ಲಿ ಬೆಳೆದೋಳು, ಮಳೆ ಬಂದಾಗ ಅವಳಿಗೆ ಅಪ್ಪ ನೆನಪಾಗ್ತಾರೆ. ಎರಡನೇ ಕಥೆಗೂ ಜೀವ ಬರುತ್ತೆ, ಕೆಲವು ಸಲ ಮೊದಲನೇದಕ್ಕಿಂತ ಜಾಸ್ತಿ ಜೀವ ಬರುತ್ತೆ. ಆಗ ಕೊನೆಗೆ ಕೊಲೆಗಾರ ಸಿಕ್ಕಾಗ ನಮಗೆ ಬೇಕಾಗಿರೋದು ಅವನಲ್ಲವೇ ಅಲ್ಲ, ಅವಳು ಏನಾದ್ಲು ಅನ್ನೋದು. ಲೇಖಕ ಮಾತ್ರ ಹಳೇ ಒಪ್ಪಂದದ ಪ್ರಕಾರ ಕೊಲೆಗಾರನನ್ನ ಕೈಗೆ ಕೊಟ್ಟು ಪುಸ್ತಕ ಮುಚ್ತಾನೆ. ನನ್ನ ಅನುಭವದಲ್ಲಿ 'ಆದ್ರೆ' ಹುಟ್ಟೋದು ಹೆಚ್ಚಾಗಿ ಇಲ್ಲೇ.

ವೇಗದ ಸಮಸ್ಯೆನೂ ಇದೆ. ಪ್ರಶ್ನೆ ಓಡಿಸುತ್ತೆ, ವಾತಾವರಣ ನಿಲ್ಲಿಸುತ್ತೆ. ಕೊಲೆ ಯಾರು ಮಾಡಿದ್ದು ಅಂತ ಎದೆ ಹೊಡ್ಕೊಳ್ತಿರುವಾಗ ಎರಡು ಪುಟ ಮಂಜಿನ ವರ್ಣನೆ ಬಂದ್ರೆ ಕಣ್ಣು ತಾನಾಗೇ ಜಾರುತ್ತೆ, ಮೊದಲ ಅಧ್ಯಾಯದಲ್ಲಿ ಅದೇ ಮಂಜನ್ನ ಚಪ್ಪರಿಸಿ ಓದಿದ ನಾವೇ ಕೊನೆಯಲ್ಲಿ ಅದನ್ನ ಅಡ್ಡಿ ಅಂತ ನೋಡ್ತೀವಿ. ಉಂಬರ್ತೊ ಎಕೋ ಈ ವಿಷಯದಲ್ಲಿ ಬಹಳ ಪ್ರಾಮಾಣಿಕ. 1980ರಲ್ಲಿ ಬಂದ ಅವರ 'ದ ನೇಮ್ ಆಫ್ ದ ರೋಸ್' 1327ರ ಒಂದು ಇಟಾಲಿಯನ್ ಮಠದಲ್ಲಿ ಏಳು ದಿನ ನಡೆಯೋ ಕೊಲೆಗಳ ಕಥೆ. ಹಸ್ತಪ್ರತಿ ಓದಿದ ಸ್ನೇಹಿತರು, ಸಂಪಾದಕರು ಮೊದಲ ನೂರು ಪುಟ ಬಹಳ ಕಷ್ಟ, ಸ್ವಲ್ಪ ಕಮ್ಮಿ ಮಾಡಿ ಅಂದ್ರಂತೆ, ಎಕೋ ಒಪ್ಪಲಿಲ್ಲ. ಆ ಮಠದೊಳಗೆ ಬಂದು ಏಳು ದಿನ ಇರಬೇಕು ಅನ್ನೋರು ಮಠದ ಗತಿಗೆ ಹೊಂದ್ಕೋಬೇಕು, ಆಗಲ್ಲ ಅಂದ್ರೆ ಇಡೀ ಪುಸ್ತಕ ಓದೋದೇ ಕಷ್ಟ ಅನ್ನೋದು ಅವರ ವಾದ, ಆ ನೂರು ಪುಟ ಒಂಥರಾ ದೀಕ್ಷೆ. ನನಗೆ ಇದು ಸರಿ ಅನ್ನಿಸುತ್ತೆ, ಯಾಕಂದ್ರೆ ಅವರು ಮೊದಲೇ ಹೇಳಿಬಿಡ್ತಾರೆ, ಇಲ್ಲಿ ನಡಿಗೆ ಇಷ್ಟೇ ನಿಧಾನ ಅಂತ. ಸಿಟ್ಟು ಬರೋದು ಮೊದಲ ಅಧ್ಯಾಯದಲ್ಲಿ ಓಡಿಸಿ, ಮಧ್ಯದಲ್ಲಿ ನೂರು ಪುಟ ಸುಮ್ಮನೆ ಕೂರಿಸಿ, ಕೊನೇಲಿ ಮತ್ತೆ ಓಡಿಸೋ ಪುಸ್ತಕಗಳ ಮೇಲೆ. ಮಧ್ಯದ ಆ ನೂರು ಪುಟದಲ್ಲಿ ಮಳೆ ಬರ್ತಾನೇ ಇರುತ್ತೆ, ಯಾರೋ ಕಿಟಕಿ ಹತ್ರ ನಿಂತಿರ್ತಾರೆ, ಹೊಸದಾಗಿ ಏನೂ ತಿಳಿಯಲ್ಲ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಇದನ್ನ ಬರೀ ಮಾತಲ್ಲಿ ಹೇಳಿದ್ರೆ ಅರ್ಥ ಆಗಲ್ಲ, ಒಂದು ಕಥೆ ನಾವೇ ಕಟ್ಟಿ ನೋಡೋಣ.

ನದಿ ದಡದಲ್ಲೊಂದು ಪೇಪರ್ ಮಿಲ್, ಅದರ ಸುತ್ತ ಬೆಳೆದ ಸಣ್ಣ ಊರು. ಮೂವತ್ತು ವರ್ಷದ ಹಿಂದೆ ಮಿಲ್ಲಿನ ಗುಮಾಸ್ತ ಒಬ್ಬ ರಾತ್ರಿ ಪಾಳಿಗೆ ಅಂತ ಹೋದೋನು ವಾಪಸ್ ಬರಲಿಲ್ಲ. ಈಗ ಅವನ ಮಗಳು ಮನೆ ಮಾರೋಕೆ ಅಂತ ಊರಿಗೆ ಬಂದಿದಾಳೆ. ಮಿಲ್ ಮುಚ್ಚಿ ಎಷ್ಟೋ ಕಾಲ ಆಗಿದೆ, ನದಿ ಮಾತ್ರ ಇನ್ನೂ ನಾರುತ್ತೆ. ಮೂವತ್ತನೇ ಪುಟದ ಹತ್ರ ಒಂದು ವರ್ಣನೆ ಬರುತ್ತೆ, ಈ ಊರಲ್ಲಿ ನದಿ ಕಡೆಯ ಕಿಟಕಿಗಳನ್ನ ಯಾರೂ ತೆಗೆಯಲ್ಲ, ಉರಿ ಬೇಸಿಗೆಯಲ್ಲೂ ತೆಗೆಯಲ್ಲ, ಆಮೇಲೆ ಕಟ್ಟಿದ ಮನೆಗಳಿಗೆ ಆ ಕಡೆ ಕಿಟಕಿಯನ್ನೇ ಇಟ್ಟಿಲ್ಲ, ಅವಳ ಮನೆ ಅಡುಗೆಕೋಣೆಯ ಕಿಟಕಿಗೆ ಅವಳಮ್ಮ ಯಾವಾಗಲೋ ಮೊಳೆ ಹೊಡೆದಿದಾರೆ. ಓದಿ ನಮಗೆ ಮೈ ಜುಂ ಅನ್ನುತ್ತೆ, ನಾತಕ್ಕೆ ಹಾಗೆ ಮಾಡಿದಾರೆ ಅಂದ್ಕೊಂಡು ಮುಂದೆ ಹೋಗ್ತೀವಿ.

ಮೊದಲನೇ ಥರದ ಕೊನೆ. ಮಿಲ್ಲಿನ ಮ್ಯಾನೇಜರ್ ಲೆಕ್ಕದಲ್ಲಿ ದುಡ್ಡು ಹೊಡೀತಿದ್ದ, ಗುಮಾಸ್ತನಿಗೆ ಗೊತ್ತಾಯ್ತು, ಮ್ಯಾನೇಜರ್ ಅವನನ್ನ ಮುಗಿಸಿದ, ತಾನು ಸಾಯೋ ಮುಂಚೆ ಎಲ್ಲಾ ಬರೆದು ಒಂದು ಲಾಕರ್‌ನಲ್ಲಿಟ್ಟ. ಸುಳಿವುಗಳೂ ಸರಿಯಾಗಿವೆ, ಮ್ಯಾನೇಜರ್ ಇಪ್ಪತ್ತನೇ ಪುಟದಲ್ಲೇ ಬಂದು ಹೋಗಿದಾನೆ, ನಾಕ್ಸ್ ಪಾದ್ರಿ ಕೇಳಿದ್ರೂ ತಪ್ಪು ಹುಡುಕಲ್ಲ. ಆದ್ರೆ ಈ ಉತ್ತರಕ್ಕೆ ಆ ನದಿ ಬೇಕಾಗಿರಲಿಲ್ಲ. ಇದೇ ಕೊಲೆ ಒಂದು ಬ್ಯಾಂಕಲ್ಲೂ ಆಗಬಹುದಿತ್ತು, ಹೋಟೆಲಲ್ಲೂ ಆಗಬಹುದಿತ್ತು. ಇನ್ನೂರು ಪುಟ ನಮ್ಮ ಮೂಗಿಗೆ ಬಡಿದ ಆ ನಾತ, ಆ ಮುಚ್ಚಿದ ಕಿಟಕಿ ಎಲ್ಲಾ ಬರೀ ಪರದೆ ಆಯ್ತು.

ಎರಡನೇ ಥರದ ಕೊನೆ. ಆ ರಾತ್ರಿ ಮಿಲ್ಲಿನ ವಿಷದ ನೀರನ್ನ ಕದ್ದು ನದಿಗೆ ಬಿಟ್ಟಾಗ ಗುಮಾಸ್ತ ಕೆಳಗೆ ಕಾಲುವೆ ಹತ್ರ ಇದ್ದ, ಸಿಕ್ಕಿ ಹಾಕ್ಕೊಂಡ, ಕೂಗಿದ, ಬಹಳ ಹೊತ್ತು ಕೂಗಿದ. ಊರಿಗೆಲ್ಲಾ ಕೇಳಿಸ್ತು. ಮಿಲ್ ಅಂದ್ರೆ ಎಲ್ಲರ ಅನ್ನ, ವಿಷಯ ಹೊರಗೆ ಹೋದ್ರೆ ಮಿಲ್ ಮುಚ್ಚುತ್ತೆ, ಹಾಗಾಗಿ ಒಬ್ಬೊಬ್ಬರೇ ನದಿ ಕಡೆಯ ಕಿಟಕಿ ಹಾಕ್ಕೊಂಡ್ರು. ಅವಳಮ್ಮನೂ ಹಾಕ್ಕೊಂಡ್ರು. ಆಮೇಲೆ ಮೊಳೆ ಹೊಡೆದ್ರು.

ವ್ಯತ್ಯಾಸ ನೋಡಿ. ಎರಡನೇದರಲ್ಲಿ ಕೊಲೆಗಾರ ಅಂತ ಒಬ್ಬನನ್ನ ತೋರಿಸೋಕೂ ಆಗಲ್ಲ, ಪೊಲೀಸ್ ಲೆಕ್ಕದಲ್ಲಿ ಉತ್ತರ ಅರ್ಧಂಬರ್ಧ, ಆದ್ರೂ ಪುಸ್ತಕ ಮುಚ್ಚಿದಾಗ ಎದೆ ಭಾರ ಆಗುತ್ತೆ, ಮೋಸ ಹೋದೆ ಅನ್ನಿಸಲ್ಲ. ಯಾಕಂದ್ರೆ ನಾವು ಬರೀ ವಾತಾವರಣ ಅಂದ್ಕೊಂಡಿದ್ದೇ ಸಾಕ್ಷಿ ಆಗಿತ್ತು. ಮೂವತ್ತನೇ ಪುಟದಿಂದಲೇ ಆ ಊರು ತಪ್ಪೊಪ್ಪಿಕೊಳ್ತಾ ಇತ್ತು, ನಮಗೆ ಕೇಳಿಸಿರಲಿಲ್ಲ ಅಷ್ಟೇ. ಈ ಜಾತಿಯ ಪುಸ್ತಕ ತೂಗೋಕೆ ನನ್ನ ಹತ್ರ ಇರೋ ತಕ್ಕಡಿ ಇದೊಂದೇ: ಉತ್ತರ ಬಂದಾಗ ಆ ಜಾಗ ಬದಲಾಗುತ್ತಾ? ಅದೇ ಮಂಜು, ಅದೇ ಮನೆ, ಅದೇ ಕಿಟಕಿ ಈಗ ಬೇರೆ ಥರ ಕಾಣುತ್ತಾ? ಕಂಡ್ರೆ ಎರಡು ಒಪ್ಪಂದನೂ ಒಂದೇ ಏಟಿಗೆ ತೀರಿತು. ಕಾಣಲಿಲ್ಲ ಅಂದ್ರೆ ಒಂದು ಪುಸ್ತಕದೊಳಗೆ ಎರಡು ಪುಸ್ತಕ ಇದ್ದವು, ಒಂದು ಇಷ್ಟ ಆಯ್ತು, ಇನ್ನೊಂದು ಆಗಲಿಲ್ಲ.

ಇಲ್ಲೇ ಒಂದು ಕಸುಬಿನ ಗುಟ್ಟೂ ಇದೆ. ಸುಳಿವು ಬಚ್ಚಿಡೋಕೆ ವರ್ಣನೆಗಿಂತ ಒಳ್ಳೆ ಜಾಗ ಇಲ್ಲ. ಮಾತುಕತೆ ಬಂದಾಗ ನಾವು ಹುಷಾರಾಗಿರ್ತೀವಿ, ಯಾರು ಸುಳ್ಳು ಹೇಳ್ತಿದಾರೆ ಅಂತ ನೋಡ್ತಿರ್ತೀವಿ. ಚಾಕು, ಗಡಿಯಾರ, ಹರಿದ ಫೋಟೋ ಅಂತ ವಸ್ತು ಬಂದ್ರೂ ಅನುಮಾನ ಪಡ್ತೀವಿ. ವರ್ಣನೆ ಬಂದಾಗ ಮಾತ್ರ ಮೈ ಸಡಿಲ ಬಿಡ್ತೀವಿ, ಓ ಇದು ಮೂಡ್‌ಗೋಸ್ಕರ ಇರೋದು ಅಂತ. ಒಳ್ಳೆ ಲೇಖಕರು ಆ ಸಡಿಲ ಬಿಟ್ಟ ಹೊತ್ತಲ್ಲೇ ಮುಖ್ಯವಾದದ್ದನ್ನ ಕೈಗಿಟ್ಟು ಮುಂದೆ ಹೋಗಿರ್ತಾರೆ.

ಈ ವಿಷಯಕ್ಕೆ ನಮ್ಮ ಹಳೇ ಕಾವ್ಯಮೀಮಾಂಸೆ ಬಹಳ ಹತ್ತಿರ ಬರುತ್ತೆ ಅಂತ ನನಗೆ ಇತ್ತೀಚೆಗೆ ಅನ್ನಿಸ್ತಿದೆ. ರಸ ಹುಟ್ಟಬೇಕು ಅಂದ್ರೆ ವಿಭಾವ, ಅಂದ್ರೆ ಭಾವ ಎಬ್ಬಿಸೋ ಕಾರಣ, ಬೇಕು ಅಂತಾರೆ, ಅದರಲ್ಲಿ ಎರಡು ಥರ. ಯಾರನ್ನ ಹಿಡ್ಕೊಂಡು ಭಾವ ಏಳುತ್ತೋ ಅದು ಆಲಂಬನ, ಯಾವ ಸನ್ನಿವೇಶ ಅದನ್ನ ಕೆರಳಿಸುತ್ತೋ ಅದು ಉದ್ದೀಪನ. ಬೆಳದಿಂಗಳು, ಮಳೆ, ಪಾಳು ಗುಡಿ, ನಿರ್ಜನ ದಾರಿ ಎಲ್ಲಾ ಉದ್ದೀಪನ. ಅಂದ್ರೆ ನಾವು ವಾತಾವರಣ ಅಂತ ಕರೀತಿರೋದು ಇದನ್ನೇ. ಉದ್ದೀಪನ ಎಷ್ಟೇ ಚೆನ್ನಾಗಿರಲಿ, ಅದು ಇನ್ನೊಂದನ್ನ ಉದ್ದೀಪಿಸಬೇಕು, ತಾನೇ ಕೊನೆ ಅಲ್ಲ. ಬರೀ ಮಂಜು ತುಂಬಿದ ಕಾದಂಬರಿ ಅಂದ್ರೆ ಊದಿ ಊದಿ ಒಲೆ ಹೊತ್ತಿಸೋಕೆ ನೋಡಿ ಒಳಗೆ ಸೌದೆಯೇ ಇಲ್ಲದಂಗೆ.

ಸುಮಾರು ಸಾವಿರ ವರ್ಷದ ಹಿಂದೆ ಅಭಿನವಗುಪ್ತ ರಸಕ್ಕೆ ಅಡ್ಡಿ ಬರೋ ಏಳು ವಿಘ್ನಗಳನ್ನ ಹೇಳಿದಾನೆ, ಅದರಲ್ಲಿ ಎರಡು ನಮ್ಮ 'ಆದ್ರೆ'ಗೆ ಅಳತೆ ತಗೊಂಡು ಹೊಲಿದಂಗಿವೆ. ಒಂದು ಅಪ್ರಧಾನತೆ, ಮುಖ್ಯವಾದದ್ದು ಯಾವುದು ಅಂತ ಮನಸ್ಸಿಗೆ ನಿಲ್ಲದೇ ಇರೋದು. ಇನ್ನೊಂದು ಸಂಶಯಯೋಗ, ಕಾಣ್ತಿರೋ ಲಕ್ಷಣ ಯಾವ ಭಾವದ್ದು ಅಂತ ತಿಳಿಯದೇ ಇರೋದು, ಕಣ್ಣೀರು ದುಃಖಕ್ಕೂ ಬರಬಹುದು ಸಂತೋಷಕ್ಕೂ ಬರಬಹುದಲ್ಲ ಹಾಗೆ. ಪತ್ತೇದಾರಿ ಕಥೆ ಬದುಕೋದೇ ಸಂಶಯದ ಮೇಲೆ, ಆದ್ರೆ ಸಂಶಯ ಇರಬೇಕಾಗಿರೋದು ಯಾರು ಮಾಡಿದ್ರು ಅನ್ನೋದರಲ್ಲಿ. ನಾನು ಇಲ್ಲಿ ಹೆದರ್ಬೇಕಾ, ಅಳಬೇಕಾ, ಬೆರಗಾಗಬೇಕಾ ಅನ್ನೋದರಲ್ಲೂ ಸಂಶಯ ಬಂದ್ರೆ ಓದೋ ಮನಸ್ಸು ಹಿಡಿತ ತಪ್ಪುತ್ತೆ. ನಾನು ಮುಗಿಸಿದ ಪುಸ್ತಕದಲ್ಲಿ ಆಗಿದ್ದು ಅದೇ, ಇನ್ನೂರೈವತ್ತು ಪುಟ ಭಯದ ತಯಾರಿ ನಡೀತು, ಕೊನೇಲಿ ಆ ಪತ್ರ ಬಂದು ಮಾಹಿತಿ ಕೊಡ್ತು. ಮಾಹಿತಿಗೆ ಸ್ಥಾಯಿಭಾವ, ಅಂದ್ರೆ ರಸವಾಗಿ ಬೆಳೆಯೋ ಮೂಲ ಭಾವ, ಇಲ್ಲ.

ಇನ್ನು ಉತ್ತರವನ್ನೇ ಕೊಡದ ಪುಸ್ತಕಗಳು. ಇವುಗಳ ಮೇಲೆ ಬರೋಷ್ಟು ಸಿಟ್ಟು ಬೇರೆ ಯಾವುದರ ಮೇಲೂ ಬರಲ್ಲ, ಇವನ್ನ ಎದೆಗೆ ಅಪ್ಪಿಕೊಳ್ಳೋರೂ ಅಷ್ಟೇ ಜನ. ಟಾನಾ ಫ್ರೆಂಚ್ ಅವರ ಮೊದಲ ಕಾದಂಬರಿ 'ಇನ್ ದ ವುಡ್ಸ್' 2007ರದ್ದು, ಮರುವರ್ಷ ಮೊದಲ ಕಾದಂಬರಿಗೆ ಕೊಡೋ ಎಡ್ಗರ್ ಪ್ರಶಸ್ತಿನೂ ಬಂತು. ಐರ್ಲೆಂಡಿನ ಒಂದು ಕಾಡಲ್ಲಿ ಮೂರು ಮಕ್ಕಳು ಆಡೋಕೆ ಹೋಗ್ತಾರೆ, ಇಬ್ಬರು ಕಾಣೆ ಆಗ್ತಾರೆ, ಮೂರನೆಯವನು ಶೂ ತುಂಬಾ ರಕ್ತ ಇಟ್ಕೊಂಡು ಸಿಗ್ತಾನೆ, ಏನೂ ನೆನಪಿಲ್ಲ. ದೊಡ್ಡವನಾಗಿ ಅವನೇ ಡಿಟೆಕ್ಟಿವ್ ಆಗಿ ಅದೇ ಜಾಗದಲ್ಲಿ ಆದ ಇನ್ನೊಂದು ಕೊಲೆ ವಿಚಾರಿಸ್ತಾನೆ. ಹೊಸ ಕೊಲೆಗೆ ಉತ್ತರ ಸಿಗುತ್ತೆ, ಹಳೇದಕ್ಕೆ ಸಿಗಲ್ಲ. ಬೇಕಂತಲೇ ಸಿಗಲ್ಲ. ಓದಿದಾಗ ನನಗೂ ಪುಸ್ತಕ ಗೋಡೆಗೆ ಎಸೀಬೇಕು ಅನ್ನಿಸಿತ್ತು, ಅದನ್ನ ಮರೆಯೋಕೂ ಆಗಿಲ್ಲ. ಆ ಮನುಷ್ಯನಿಗೆ ತನ್ನ ಜೀವನದ ಮುಖ್ಯ ಪ್ರಶ್ನೆಗೆ ಉತ್ತರ ಇಲ್ಲ ಅನ್ನೋದೇ ಅವನು ಮಾಡೋ ಎಲ್ಲಾ ತಪ್ಪಿಗೂ ಕಾರಣ, ಉತ್ತರ ಕೊಟ್ಟಿದ್ರೆ ಆ ಮನುಷ್ಯನೇ ಇರ್ತಿರಲಿಲ್ಲ. ಹಾಗಂತ ಮೂರು ದಿನ ಬಿಟ್ಟು ನನಗೆ ಹೊಳೀತು, ಮುಗಿಸಿದ ರಾತ್ರಿ ಹೊಳೀಲಿಲ್ಲ.

ಜೋನ್ ಲಿಂಡ್ಸೆ ಅವರ 'ಪಿಕ್ನಿಕ್ ಅಟ್ ಹ್ಯಾಂಗಿಂಗ್ ರಾಕ್' ಇನ್ನೂ ಸ್ಪಷ್ಟವಾದ ಉದಾಹರಣೆ. 1967ರದ್ದು, ಆಸ್ಟ್ರೇಲಿಯಾದ ಒಂದು ಬಂಡೆ ಬೆಟ್ಟಕ್ಕೆ 1900ರಲ್ಲಿ ಪಿಕ್ನಿಕ್ ಹೋದ ಶಾಲೆ ಹುಡುಗಿಯರು ಮತ್ತು ಒಬ್ಬ ಟೀಚರ್ ಕಣ್ಮರೆ ಆಗ್ತಾರೆ, ಏನಾಯ್ತು ಅಂತ ಹೇಳಲ್ಲ. ಆದ್ರೆ ಲೇಖಕಿ ಹೇಳಿದ್ರು. ಕೊನೆಗೊಂದು ಅಧ್ಯಾಯ ಬರೆದಿದ್ರು, ಪ್ರಕಾಶಕರ ಕಡೆಯಿಂದ ಬಂದ ಸಲಹೆ ಮೇಲೆ ಅದನ್ನ ತೆಗೆದ್ರು, ಅವರು ತೀರಿಕೊಂಡ ಮೇಲೆ 1987ರಲ್ಲಿ ಅದು ಬೇರೆಯಾಗಿ ಅಚ್ಚಾಯ್ತು. ಒಂದೇ ಪುಸ್ತಕ ಉತ್ತರದ ಜೊತೆಗೂ ಉತ್ತರ ಇಲ್ಲದೇನೂ ಓದೋ ಅವಕಾಶ ಇಷ್ಟು ಸಲೀಸಾಗಿ ಎಲ್ಲೂ ಸಿಗಲ್ಲ. ನನ್ನ ಮಟ್ಟಿಗೆ ತೆಗೆದದ್ದೇ ಸರಿ. ಆ ಬಂಡೆ ಎಷ್ಟು ದೊಡ್ಡದಾಗಿ ಬೆಳೆದಿದೆ ಅಂದ್ರೆ ಯಾವ ವಿವರಣೆ ತಂದಿಟ್ರೂ ಅದರ ಪಕ್ಕ ಸಣ್ಣದಾಗಿ ಕಾಣುತ್ತೆ. ಒಂಥರಾ ಸಾಲ ಇದು. ಪುಟ ಪುಟಕ್ಕೂ ಲೇಖಕರು ನಮ್ಮ ಕಲ್ಪನೆಯಿಂದ ಸಾಲ ತಗೊಳ್ತಾ ಹೋಗ್ತಾರೆ, ವಾತಾವರಣ ಚೆನ್ನಾಗಿದ್ದಷ್ಟೂ ಸಾಲ ಜಾಸ್ತಿ, ಕೊನೆಗೆ ಬಡ್ಡಿ ಸಮೇತ ತೀರಿಸೋಷ್ಟು ದೊಡ್ಡ ಉತ್ತರ ಯಾರ ಹತ್ರನೂ ಇರಲ್ಲ. ನಮ್ಮ ನಿರಾಸೆಯಲ್ಲಿ ಸ್ವಲ್ಪ ಭಾಗ ಪುಸ್ತಕ ಚೆನ್ನಾಗಿದ್ದಿದ್ದರಿಂದಲೇ ಬಂದಿರುತ್ತೆ.

ಹಾಗಂತ ಉತ್ತರ ಕೊಡದೇ ಇರೋದೆಲ್ಲಾ ದೊಡ್ಡ ಸಾಹಿತ್ಯ ಅಲ್ಲ. ಕೊಡೋಕೆ ಏನೂ ಇಲ್ಲದೆ ಮಂಜೆಬ್ಬಿಸಿ ಎದ್ದು ಹೋಗೋರೂ ಇದಾರೆ. ಗುರುತಿಸೋದು ಹೇಗೆ ಅಂದ್ರೆ, ಪ್ರಶ್ನೆ ತೆರೆದೇ ಉಳಿದ್ರೂ ಪುಸ್ತಕದಲ್ಲಿ ಬೇರೆ ಏನೋ ಒಂದು ಮುಗಿದಿರಬೇಕು. ಸ್ವಿಸ್ ಲೇಖಕ ಡ್ಯೂರೆನ್‌ಮ್ಯಾಟ್ 1958ರಲ್ಲಿ ಬರೆದ 'ದ ಪ್ಲೆಡ್ಜ್' ನೆನಪಾಗುತ್ತೆ, ಅದರ ಉಪಶೀರ್ಷಿಕೆಯೇ ಪತ್ತೇದಾರಿ ಕಾದಂಬರಿಗೊಂದು ಚರಮಗೀತೆ ಅನ್ನೋ ಅರ್ಥದ್ದು. ಒಂದು ಮಗುವಿನ ಕೊಲೆಗಾರನನ್ನ ಹಿಡೀತೀನಿ ಅಂತ ಆ ಮಗುವಿನ ತಾಯಿಗೆ ಮಾತು ಕೊಟ್ಟ ಇನ್‌ಸ್ಪೆಕ್ಟರ್ ಎಲ್ಲಾ ಸರಿಯಾಗೇ ಊಹಿಸ್ತಾನೆ, ಅವನು ಬರೋ ದಾರಿಯಲ್ಲಿ ಪೆಟ್ರೋಲ್ ಬಂಕ್ ಹಾಕ್ಕೊಂಡು ಕಾಯ್ತಾನೆ, ಕೊಲೆಗಾರ ಬರೋದೇ ಇಲ್ಲ, ಯಾಕಂದ್ರೆ ಬರ್ತಾ ದಾರಿಯಲ್ಲಿ ಕಾರ್ ಆಕ್ಸಿಡೆಂಟ್‌ನಲ್ಲಿ ಸತ್ತಿರ್ತಾನೆ. ಇನ್‌ಸ್ಪೆಕ್ಟರಿಗೆ ಅದು ಗೊತ್ತಿಲ್ಲ, ಕಾಯ್ತಾ ಕಾಯ್ತಾ ಹಾಳಾಗ್ತಾನೆ. ಓದೋ ನಮಗೆ ಉತ್ತರ ಸಿಗುತ್ತೆ, ಅವನಿಗೆ ಸಿಗಲ್ಲ. ಅಲ್ಲಿ ಮುಗಿಯೋದು ಒಬ್ಬ ಮನುಷ್ಯನ ಬಾಳು.

ಕನ್ನಡದಲ್ಲಿ ತೇಜಸ್ವಿಯವರ 'ಚಿದಂಬರ ರಹಸ್ಯ' ಇದೆ, 1985ರದ್ದು, 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದು. ಏಲಕ್ಕಿ ಬೆಳೆ ಯಾಕೆ ಕುಸೀತಿದೆ ಅನ್ನೋ ತನಿಖೆಯಿಂದ ಶುರುವಾಗಿ ಕೆಸರೂರು ಅನ್ನೋ ಊರು ಒಳಗಿಂದ ಏನಾಗ್ತಿದೆ ಅನ್ನೋ ಕಡೆ ಹೊರಳುತ್ತೆ, ಕೊನೆಗೆ ಬರೋದು ಬೆಂಕಿ. ರಹಸ್ಯ ಅಂತ ಹೆಸರಲ್ಲೇ ಇದ್ರೂ ಪತ್ತೇದಾರಿ ಅಂತ ನಂಬಿ ಹೋದೋರಿಗೆ ಗಂಟು ಸಡಿಲ ಅನ್ನಿಸಬಹುದು, ನನಗೆ ಅನ್ನಿಸಿಲ್ಲ, ಯಾಕಂದ್ರೆ ಬೆಂಕಿ ಹೊತ್ತಿದಾಗ ಅದು ಅಷ್ಟು ಹೊತ್ತು ಆ ಕಾಡಲ್ಲೂ ಊರಲ್ಲೂ ಒಣಗ್ತಾ ಬಂದಿದ್ದಕ್ಕೇ ಹೊತ್ತಿದ್ದು.

ಒಂದು ಮೋಸದ ಬಗ್ಗೆ ಮಾತ್ರ ಖಡಾಖಂಡಿತವಾಗಿ ಹೇಳ್ತೀನಿ. 'ನಾನು' ಅಂತ ಕಥೆ ಹೇಳ್ತಿರೋ ಪಾತ್ರಕ್ಕೆ ವಿಷಯ ಗೊತ್ತಿದೆ, ಅದು ಅದರ ಬಗ್ಗೆ ಯೋಚನೆನೂ ಮಾಡ್ತಿದೆ, ಆದ್ರೆ ಲೇಖಕರು "ಆ ರಾತ್ರಿ ಆಗಿದ್ದು ನೆನಪಾಗಿ ಕಣ್ಣು ಮುಚ್ಚಿಕೊಂಡೆ" ಅಂತ ಅಧ್ಯಾಯ ಮುಗಿಸಿಬಿಡ್ತಾರೆ. ಮುಂದಿನ ಅಧ್ಯಾಯ ಇಪ್ಪತ್ತು ವರ್ಷ ಹಿಂದಕ್ಕೆ ಹೋಗುತ್ತೆ, ಅದೂ ಮುಖ್ಯ ಹೊತ್ತಿಗೆ ನಿಲ್ಲುತ್ತೆ. ಇದು ರಹಸ್ಯ ಅಲ್ಲ, ಬರೀ ಬಾಯಿ ಮುಚ್ಚಿಕೊಂಡಿರೋದು. ನಿರೂಪಕ ಸುಳ್ಳು ಹೇಳಬಹುದು, ತನಗೇ ತಾನು ಮೋಸ ಮಾಡ್ಕೋಬಹುದು, ಅಗಾಥಾ ಕ್ರಿಸ್ಟಿ 1926ರಲ್ಲೇ ನಿರೂಪಕನ ಮೇಲಿನ ನಮ್ಮ ನಂಬಿಕೆ ಇಟ್ಕೊಂಡು ಆಡಿದಾರೆ, ಅದರಲ್ಲಿ ಮುಚ್ಚಿಡೋಕೆ ಆ ಪಾತ್ರಕ್ಕೇ ಕಾರಣ ಇತ್ತು. ಕಾರಣ ಲೇಖಕರದ್ದು ಮಾತ್ರ ಆಗಿದ್ರೆ ಓದುಗರಿಗೆ ಗೊತ್ತಾಗುತ್ತೆ, ಹೆಸರಿಟ್ಟು ಹೇಳೋಕೆ ಬರದೇ ಇರಬಹುದು, ಕಿರಿಕಿರಿ ಮಾತ್ರ ಆಗೇ ಆಗುತ್ತೆ.

ಹಾಗಾದ್ರೆ ಮುಗಿಸಿದ ಮೇಲೆ ಬಂದ ಮಿಶ್ರ ಭಾವವನ್ನ ಏನು ಮಾಡೋದು. ನಾನು ಮಾಡೋದು ಇಷ್ಟು, ಎರಡು ಮೂರು ದಿನ ಬಿಟ್ಟು ಮೊದಲ ಅಧ್ಯಾಯ ಮತ್ತೆ ಓದ್ತೀನಿ. ಈಗ ಉತ್ತರ ಗೊತ್ತು, ಪ್ರಶ್ನೆ ಓಡಿಸಲ್ಲ, ಉಳಿದಿರೋದು ಏನು ಅಂತ ಕಾಣುತ್ತೆ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕ್ಯಾಂಪಸ್‌ನ ಇಬ್ಬರು ಮನಶ್ಶಾಸ್ತ್ರಜ್ಞರು ಹನ್ನೆರಡು ಸಣ್ಣಕಥೆಗಳನ್ನ ಇಟ್ಕೊಂಡು ಒಂದು ಪ್ರಯೋಗ ಮಾಡಿದ್ರು, ಅದರಲ್ಲಿ ಪತ್ತೇದಾರಿ ಕಥೆಗಳೂ ಇದ್ದವು, ಕೊನೆ ಮೊದಲೇ ಗೊತ್ತಿದ್ದೋರು ಸರಾಸರಿಯಲ್ಲಿ ಕಥೆಯನ್ನ ಸ್ವಲ್ಪ ಜಾಸ್ತಿಯೇ ಇಷ್ಟಪಟ್ರು. ಆಮೇಲಿನ ಕೆಲವು ಅಧ್ಯಯನಗಳಲ್ಲಿ ಉಲ್ಟಾನೂ ಬಂದಿದೆ, ಮೇಲಾಗಿ ಸಣ್ಣಕಥೆಗೆ ಹೇಳಿದ್ದು ನಾನೂರು ಪುಟದ ಕಾದಂಬರಿಗೆ ಹಾಗೇ ಅನ್ವಯ ಆಗುತ್ತೆ ಅಂತ ಅಲ್ಲ. ಆದ್ರೆ ಕೊನೆ ಗೊತ್ತಾದ್ರೆ ಎಲ್ಲಾ ಮುಗೀತು ಅನ್ನೋ ಮಾತು ಅಷ್ಟು ಸರಳ ಅಲ್ಲ ಅಂತ ಒಪ್ಪೋಕೆ ಇಷ್ಟು ಸಾಕು.

ನಿನ್ನೆ ಆ ಮನೆಯ ಕಾದಂಬರಿಯ ಮೊದಲ ಅಧ್ಯಾಯ ತೆಗೆದೆ. ಹಜಾರದಲ್ಲಿ ಮುದುಕ ಮೊಮ್ಮಗಳ ಹತ್ರ ಮಾತಾಡ್ತಾನೆ, ಅವಳು ಎರಡೇ ಮಾರು ದೂರದಲ್ಲಿದ್ರೂ ಗಟ್ಟಿಯಾಗಿ ಮಾತಾಡ್ತಾನೆ, ಅದು ಅವನ ಅಭ್ಯಾಸ ಅಂತ ಒಂದು ಸಾಲು ಇದೆ. ಮೊದಲ ಸಲ ಓದಿದಾಗ ಕಿವಿ ಮಂದ ಇರಬೇಕು ಅಂದ್ಕೊಂಡಿದ್ದೆ. ಈಗ ಗೊತ್ತು, ಒಂದು ಕಾಲದಲ್ಲಿ ಮೇಲಿನ ಕೋಣೆಯಲ್ಲಿ ಒಬ್ಬಳಿದ್ಲು, ಕೆಳಗೆ ಯಾರು ಬಂದಿದಾರೆ ಅಂತ ಅವಳಿಗೆ ಕೇಳಿಸಬೇಕಿತ್ತು, ಅವಳು ಹೋಗಿ ಇಪ್ಪತ್ತು ವರ್ಷ ಆದ್ರೂ ಅವನ ದನಿ ಇಳಿದಿಲ್ಲ. ಪುಸ್ತಕ ಮಡಿಚಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಆಮೇಲೆ ನ್ಯಾಯವಾಗಿರಲಿ ಅಂತ ಕೊನೆಯ ಪತ್ರನೂ ಇನ್ನೊಂದು ಸಲ ಓದಿದೆ, ಹನ್ನೊಂದು ಪುಟನೂ. ಅದರಲ್ಲಿ ಆ ದನಿಯ ವಿಷಯ ಒಂದು ಸಾಲೂ ಇಲ್ಲ.